ಮನೆಸಾಮಿನ ತೀರ್ಮಾನ

ಆ ಊರಿನ ಹೆಸರು ಹೇಳುವುದು ಬೇಡ. ಹೇಳಿದರೆ ಅಲ್ಲಿಯವರು ಅದಕ್ಕೊಂದು ಸಭೆ ಕರೆಯುತ್ತಾರೆ. ಆ ಊರಿಗೂ ಪಕ್ಕದ ಆಚೆಯೂರಿಗೂ ನಡುವೆ ಒಂದು ಮಾವಿನ ತೋಪಿತ್ತು. ತೋಪು ಯಾರದು ಎಂಬ ಜಗಳವನ್ನು ಹಿಂದಿನವರು ತಮಗೆ ತಿಳಿದಂತೆ ಇತ್ಯರ್ಥ ಮಾಡಿದ್ದರು. ಶಿವರಾತ್ರಿ ಕಳೆದು ಮಿಡಿ ಕಟ್ಟುವ ಹೊತ್ತಿಗೆ ಎರಡೂ ಊರಿನವರು ತೋಪಿನ ಬಯಲಿನಲ್ಲಿ ಹಗ್ಗ ಜಗ್ಗಬೇಕು, ಗೆದ್ದವರಿಗೆ ಆ ವರ್ಷದ ಮಾವು. ಗಂಡಸರು ಹೆಂಗಸರು ಎಂಬ ಭೇದವಿರಲಿಲ್ಲ. ಕೈಕಾಲು ನೆಟ್ಟಗಿದ್ದವರೆಲ್ಲ ಹಗ್ಗ ಹಿಡಿಯಬಹುದಿತ್ತು.

ಆ ಊರಿನವರು ಬಹಳ ಮರ್ಯಾದಸ್ಥರು. ಸಭೆಯಲ್ಲಿ ಒಬ್ಬರು ನಿಂತು ಮಾತಾಡುವಾಗ ಇನ್ನೊಬ್ಬರು ಕೂತಿರುವುದು ಅವರ ಕಣ್ಣಿಗೆ ಒರಟುತನ. ಹಾಗಾಗಿ ಒಬ್ಬರು ಎದ್ದರೆ ಎಲ್ಲರೂ ಏಳುತ್ತಿದ್ದರು. ಅವರು ಮಾತು ಮುಗಿಸಿ ಕೂತರೆ ಎಲ್ಲರೂ ಕೂರುತ್ತಿದ್ದರು. ಕೂರುವುದು ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು. ಏಳುವಾಗ ಮುಕ್ಕಾಲು ಜನ ನೆಲಕ್ಕೆ ಕೈ ಊರಿ, ಉಸ್ಸಪ್ಪಾ ಎನ್ನುತ್ತಿದ್ದರು. ಆಚೆಯೂರಿನವರು ಇದನ್ನು ಕಂಡು ನಗುತ್ತಿದ್ದರು. ಅವರು ಕೂತಲ್ಲೇ ಬೈದಾಡಿಕೊಂಡು ಕೆಲಸ ಮುಗಿಸುವ ಜನ.

ಮರ್ಯಾದೆ ಎಷ್ಟಿದ್ದರೇನು, ಎರಡು ವರ್ಷದಿಂದ ಊರಿನವರು ಹಗ್ಗದಲ್ಲಿ ಸೋತಿದ್ದರು. ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವನು ಮುದ್ದಪ್ಪ. ಅವನ ಅಪ್ಪ, ತಾತ ನಿಂತ ಜಾಗ ಅದು. ಎರಡು ಸಲವೂ ಅವನು ಬೋರಲು ಬಿದ್ದು, ಹೊಟ್ಟೆಯಿಂದ ಬಯಲಿನ ಹುಲ್ಲನ್ನೆಲ್ಲ ಒರೆಸಿಕೊಂಡು ಗೆರೆಯಾಚೆಗೆ ಹೋಗಿದ್ದ. ಊರಿನವರು ಅದನ್ನು ಮರೆತರೂ ಅವನ ಹೆಂಡತಿ ದ್ಯಾವಮ್ಮ ಮರೆಯಲಿಲ್ಲ. ಉಪ್ಪಿನಕಾಯಿ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಎರಡೂ ಊರಲ್ಲಿ ಇರಲಿಲ್ಲ. ಅವಳ ಭರಣಿಗಳು ಅಟ್ಟದ ಮೇಲೆ ಬೋರಲು ಬಿದ್ದಿದ್ದವು.

“ನೋಡಿ, ಈ ಸಲಾನೂ ಸೋತರೆ ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ,” ಎಂದಳು ದ್ಯಾವಮ್ಮ.

ಅಕ್ಕನ ಮನೆ ಇದ್ದದ್ದು ಆಚೆಯೂರಿನಲ್ಲಿ. ಮುದ್ದಪ್ಪ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟ.

“ಎಷ್ಟು ದಿವಸಕ್ಕೆ?” ಎಂದ.

“ಅಲ್ಲಿ ಹಾಕೋ ಉಪ್ಪಿನಕಾಯಿ ಮುಗಿಯೋಗಂಟ.”

ದ್ಯಾವಮ್ಮನ ಉಪ್ಪಿನಕಾಯಿ ಎಂದೂ ಬೇಗ ಮುಗಿದದ್ದಿಲ್ಲ. ಮುದ್ದಪ್ಪನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅವನಿಗೆ ಅವಳೆಂದರೆ ಪ್ರಾಣ.

ಹಿಂದಿನ ವರ್ಷ ಊರಿನವರು ಸುಮ್ಮನೆ ಕೂತಿರಲಿಲ್ಲ. ಪುಟ್ಟೀರಯ್ಯ ಎಂಬ ಹಿರಿಯರು ಎಲ್ಲರೂ ಅವರವರ ಮನೆಯಲ್ಲೇ ಮಾಡಬಹುದಾದ ಸಾಮು ಒಂದನ್ನು ಹೊಂದಿಸಿಕೊಟ್ಟಿದ್ದರು. ಬೆಳಗೆದ್ದು ರುಬ್ಬುಗುಂಡು ಎತ್ತುವುದು, ಒನಕೆ ತಿರುಗಿಸುವುದು, ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಜಗ್ಗುವುದು. ಇದಕ್ಕೆ ಮನೆಸಾಮು ಎಂದು ಹೆಸರಾಯಿತು. ಊರಿನ ತೋಳುಗಳೆಲ್ಲ ಗಟ್ಟಿಯಾದವು, ನಾಲ್ಕಾರು ಬಾಗಿಲುಗಳು ಕಳಚಿದವು. ಹಗ್ಗದ ದಿನ ಗಟ್ಟಿ ತೋಳಿನವರೆಲ್ಲ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೇ ಜಾರಿಕೊಂಡು ಹೋದರು.

ಈ ಸಲ ದೀಪಾವಳಿ ಮುಗಿಯುತ್ತಿದ್ದಂತೆ ಪ್ರಶ್ನೆ ಎದ್ದಿತು. ಅದೇ ಮನೆಸಾಮನ್ನು ಇನ್ನೊಮ್ಮೆ ಮಾಡುವುದೋ, ಬೇರೆಯದನ್ನು ಹಿಡಿಯುವುದೋ? ಊರ ಯಜಮಾನರು ಅರಳಿಕಟ್ಟೆಯ ಮುಂದೆ ಸಭೆ ಕರೆದರು. ಮೊದಲಿಗೇ ಒಂದು ಕಟ್ಟು ಮಾಡಿದರು: ತೀರ್ಮಾನ ಆಗುವವರೆಗೆ ಯಾರೂ ಮನೆಯಲ್ಲಿ ಯಾವ ಸಾಮನ್ನೂ ಮಾಡಕೂಡದು, ಮಾಡಿದರೆ ಒಂದು ಪಕ್ಷ ಹಿಡಿದಂತಾಗುತ್ತದೆ. ಇದು ನ್ಯಾಯವಾಗಿಯೇ ಇದೆ ಎಂದು ಎಲ್ಲರೂ ಎದ್ದು ಒಪ್ಪಿ, ಕೂತರು.

ಪುಟ್ಟೀರಯ್ಯ ಎದ್ದರು. ಎಲ್ಲರೂ ಎದ್ದರು.

“ಸಾಮಲ್ಲಿ ತಪ್ಪಿಲ್ಲ. ಮಾಡಿದ್ದು ಸಾಲಲಿಲ್ಲ ಅಷ್ಟೆ. ಅದನ್ನೇ ಇನ್ನೊಂದು ವರ್ಷ ಮಾಡಾನ,” ಎಂದು ಕೂತರು. ಎಲ್ಲರೂ ಕೂತರು.

ರಾಚಮ್ಮ ಎದ್ದಳು. ಊರಲ್ಲಿ ಹೊಸ ಬೀಜ, ಹೊಸ ಒಲೆ, ಹೊಸ ಸುದ್ದಿ ಏನಿದ್ದರೂ ಮೊದಲು ಬರುವುದು ಅವಳ ಮನೆಗೆ.

“ಒಂದೇ ಸಾಮಿಗೆ ಮೈ ಒಗ್ಗೋಗುತ್ತೆ ಕಣಣ್ಣ. ದಿನಾ ಒಂದೇ ಸಾರು ಉಂಡರೆ ನಾಲಿಗೆಗೆ ಬೇಜಾರಾಗಲ್ವಾ? ಮೈಗೂ ಹಂಗೇ. ಹೊಸದು ಹಿಡೀಬೇಕು. ಮರಕ್ಕೆ ಜೋತು ಬೀಳೋದು, ಉಸಿರು ಬಿಗಿ ಹಿಡಿಯೋದು, ಇಂಥವು.”

“ನಮ್ಮಪ್ಪ ಬದುಕಿರೋ ತನಕ ಒಂದೇ ಸಾರು ಉಂಡ,” ಎಂದು ಪುಟ್ಟೀರಯ್ಯ ಮತ್ತೆ ಎದ್ದರು.

“ಅದಕ್ಕೇ ಮುಖ ಗಂಟು ಹಾಕ್ಕೊಂಡೇ ಹೋದ,” ಎಂದು ರಾಚಮ್ಮ ಎದ್ದಳು.

ಹೀಗೆ ದಿನವೂ ಸಂಜೆ ನಡೆಯಿತು. ಒಂದು ದಿನ ಒಬ್ಬ ಜಾಣ ಎದ್ದು, ಅರ್ಧ ಹಳೆಯದು ಅರ್ಧ ಹೊಸದು ಮಾಡೋಣ ಎಂದ. ಯಾವ ಅರ್ಧ ಎಂದು ವಾದಿಸುತ್ತಲೇ ಸಂಕ್ರಾಂತಿ ಬಂತು. ಮೂಲೆಯಲ್ಲಿ ಕೂರುವ ಸಂಕೋಚದ ಮನುಷ್ಯನೊಬ್ಬನಿದ್ದ. ಯಾರು ಏನು ಹೇಳಿದರೂ ಅವನು ಎದ್ದು, “ನಾನೂ ಅದೇ ಹೇಳಾಣ ಅಂತಿದ್ದೆ,” ಎಂದು ಕೂರುತ್ತಿದ್ದ. ಅವನಿಗೂ ಇಡೀ ಊರು ಎದ್ದು ಕೂರುತ್ತಿತ್ತು. ಮರ್ಯಾದೆ ಎಂದ ಮೇಲೆ ಎಲ್ಲರಿಗೂ ಒಂದೇ.

ಮುದ್ದಪ್ಪ ಮಾತ್ರ ಬೆರಳು ಮಡಿಸಿ ಎಣಿಸುತ್ತಿದ್ದ. ದಿನ ಹತ್ತಿರ ಬರುತ್ತಿತ್ತು, ಮಾಡಲು ಸಾಮಿಲ್ಲ. ಒಂದು ಬೆಳಿಗ್ಗೆ ತಡೆಯಲಾರದೆ ಹಿತ್ತಿಲಲ್ಲಿ ರುಬ್ಬುಗುಂಡಿಗೆ ಕೈ ಹಾಕಿದ. ಪಕ್ಕದ ಮನೆಯವನು ಬೇಲಿಯ ಮೇಲಿಂದ ಇಣುಕಿದ.

“ಏನ್ ಮುದ್ದಣ್ಣ, ಹಳೇ ಪಕ್ಷ ಸೇರಿಬಿಟ್ಟೆಯಾ?”

“ಇಲ್ಲಪ್ಪ, ಚಟ್ನಿಗೆ,” ಎಂದ ಮುದ್ದಪ್ಪ.

ಅವನ ಕೈಯಲ್ಲಿ ಕಾಯಿಯೂ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಅಂದಿನ ಸಂಜೆ ಸಭೆಯಲ್ಲಿ ಈ ಚಟ್ನಿಯದೇ ವಿಚಾರಣೆ. ಕಂಡವರು, ಕೇಳಿದವರು, ಚಟ್ನಿ ಬಲ್ಲವರು ಎಲ್ಲರೂ ಎದ್ದೆದ್ದು ಮಾತಾಡಿದರು. ದ್ಯಾವಮ್ಮ ತನ್ನ ಮನೆಯ ಜಗಲಿಯ ಮೇಲೆ ಕೂತು, ಎದುರಿನ ಕಟ್ಟೆಯ ಮುಂದೆ ಊರು ಏಳುವುದನ್ನೂ ಕೂರುವುದನ್ನೂ ನೋಡುತ್ತ ಗಂಡನ ಚಡ್ಡಿ ಹೊಲಿಯುತ್ತಿದ್ದಳು. ಆ ಚಡ್ಡಿ ವಾರಕ್ಕೊಮ್ಮೆ ತೊಡೆಯ ಹತ್ತಿರ ಬಿರಿಯುತ್ತಿತ್ತು.

“ದಾರ ಸರಿಯಿಲ್ಲ,” ಎಂದ ಮನೆಗೆ ಬಂದ ಮುದ್ದಪ್ಪ.

ದ್ಯಾವಮ್ಮ ಅವನ ತೊಡೆಯನ್ನು ನೋಡಿದಳು, ಕಟ್ಟೆಯ ಕಡೆ ನೋಡಿದಳು, ಮತ್ತೆ ಹೊಲಿಯತೊಡಗಿದಳು. ಮಾರನೆಯ ದಿನ ಅಟ್ಟದಿಂದ ಒಂದು ಭರಣಿ ಇಳಿಸಿ ತೊಳೆದು ಬಿಸಿಲಿಗಿಟ್ಟಳು. ಅಕ್ಕನ ಮನೆಗೆ ಕೊಂಡೊಯ್ಯಲು ಭರಣಿ ಸಿದ್ಧ ಮಾಡುತ್ತಿದ್ದಾಳೆ ಎಂದುಕೊಂಡ ಮುದ್ದಪ್ಪ. ಅಂದು ಅವನಿಗೆ ಊಟ ಸೇರಲಿಲ್ಲ.

ಶಿವರಾತ್ರಿ ಬಂತು, ಹೋಯಿತು. ತೀರ್ಮಾನ ಆಗಲಿಲ್ಲ. ಹಗ್ಗದ ದಿನ ಊರಿನವರು ತಲೆ ತಗ್ಗಿಸಿಕೊಂಡು ಬಯಲಿಗೆ ಹೋದರು. ಹಳೆಯದನ್ನು ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಪುಟ್ಟೀರಯ್ಯ ಗೊಣಗಿದರು, ಹೊಸದನ್ನು ಮಾಡಿದ್ದರೆ ಎಂದು ರಾಚಮ್ಮ ಗೊಣಗಿದಳು. ಆಟ ಇನ್ನೂ ಶುರುವಾಗಿರಲಿಲ್ಲ. ಮುದ್ದಪ್ಪ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಗುಂಪಿನಲ್ಲಿದ್ದ ಹೆಂಡತಿಯ ಮುಖವನ್ನು ಕೊನೆಯ ಸಲವೆಂಬಂತೆ ನೋಡಿದ.

ತಮಟೆ ಬಡಿಯಿತು. ಆಚೆಯೂರಿನವರು ಎಂದಿನಂತೆ ಒಮ್ಮೆಲೇ ಜಗ್ಗಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಜಗ್ಗಿದರು. ಊರಿನವರು ಮಂಡಿ ಮಡಿಸಿ, ಅರ್ಧ ಕೂತು, ನೆಲಕ್ಕೆ ನೆಟ್ಟ ಗೂಟದ ಹಾಗೆ ನಿಂತಿದ್ದರು. ಅವರಿಗೇ ಆಶ್ಚರ್ಯ. ಅಭ್ಯಾಸಬಲದಿಂದ ಯಾರೋ ಒಬ್ಬರು ನೆಟ್ಟಗೆ ಎದ್ದರು. ಒಬ್ಬರು ಎದ್ದರೆಂದು ಎಲ್ಲರೂ ಎದ್ದರು. ಆಚೆಯೂರು ಪೂರ್ತಿ ಮೂಗು ಕೆಳಗಾಗಿ ಗೆರೆ ದಾಟಿ ಈಚೆಗೆ ಬಂದು ಬಿತ್ತು. ಮುದ್ದಪ್ಪ ಹಗ್ಗ ಬಿಚ್ಚಿಕೊಳ್ಳದೆ ನಿಂತಲ್ಲೇ ಅತ್ತುಬಿಟ್ಟ.

ಆಚೆಯೂರಿನ ಮುಖಂಡ ಮೂಗಿನ ಮಣ್ಣು ಒರೆಸಿಕೊಳ್ಳುತ್ತ ಬಂದ.

“ನಿಜ ಹೇಳ್ರಪ್ಪ, ಈ ವರ್ಷ ಯಾವ ಸಾಮು ಮಾಡಿದ್ರಿ?”

“ಯಾವುದೂ ಮಾಡ್ಲಿಲ್ಲ,” ಎಂದರು ಯಜಮಾನರು, ಸತ್ಯವನ್ನೇ ನುಡಿದ ಹೆಮ್ಮೆಯಿಂದ.

ಆಚೆಯೂರಿನವರು ಮನೆಗೆ ಹೋಗಿ ತಾವು ಸಾಮು ಮಾಡುವ ಮರದ ಗದೆಗಳನ್ನೂ ಲೋಡುಗಳನ್ನೂ ಒಲೆಗೆ ಹಾಕಿದರೆಂದು ಆಮೇಲೆ ಸುದ್ದಿ ಬಂತು.

ಅಂದಿನ ಸಂಜೆಯೇ ಊರಿನಲ್ಲಿ ಸಭೆ ಸೇರಿತು. ಹಿಂದಿನ ವರ್ಷದ ಸಾಮಿನ ಬಲ ಮೈಯಲ್ಲಿ ಉಳಿದಿತ್ತು, ಅದರಿಂದ ಗೆದ್ದೆವು ಎಂದರು ಪುಟ್ಟೀರಯ್ಯ. ಆ ಸಾಮು ಬಿಟ್ಟದ್ದರಿಂದಲೇ ಗೆದ್ದೆವು ಎಂದಳು ರಾಚಮ್ಮ. ಯಜಮಾನರು ಇಬ್ಬರಿಗೂ ಕೈ ಮುಗಿದು ಎದ್ದರು.

“ಗೆದ್ದ ಮೇಲೆ ಜಗಳ ಯಾಕೆ? ಈ ವರ್ಷ ಏನು ಮಾಡಿದ್ವೋ ಮುಂದಿನ ವರ್ಷಾನೂ ಅದನ್ನೇ ಮಾಡೋಣ. ಅಂದರೆ ಏನೂ ಮಾಡೋದು ಬೇಡ. ಇದಕ್ಕೆ ಸಭೆಯೂ ಬೇಕಾಗಿಲ್ಲ. ಇನ್ನೊಂದು ಮಾತು. ಈ ಎದ್ದು ಕೂರೋ ಪದ್ಧತಿ ಇಲ್ಲಿಗೆ ಸಾಕು. ಕಾಲ ಬದಲಾಗೈತೆ. ಸುಮ್ಮನೆ ಹೊತ್ತು ಹಾಳು, ಜೊತೆಗೆ ನನ್ನ ಮಂಡಿ ಬೇರೆ ನೋವು.”

ಹಳೆಯದನ್ನೇ ಮಾಡುವುದಾಯಿತೆಂದು ಪುಟ್ಟೀರಯ್ಯನವರಿಗೆ ಸಮಾಧಾನ, ಹೊಸ ಪದ್ಧತಿ ಬಂತೆಂದು ರಾಚಮ್ಮನಿಗೆ ಸಮಾಧಾನ. ಊರಿನ ಇತಿಹಾಸದಲ್ಲೇ ಮೊದಲ ಸಲ ಎಲ್ಲರಿಗೂ ಒಪ್ಪಿಗೆಯಾಯಿತು. ಹಳೆಯ ಪದ್ಧತಿಗೆ ಕೊನೆಯ ಗೌರವವೆಂದು ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಯಾರೂ ನೆಲಕ್ಕೆ ಕೈ ಊರಲಿಲ್ಲ, ಯಾರೂ ಉಸ್ಸಪ್ಪಾ ಎನ್ನಲಿಲ್ಲ.

ಮುದ್ದಪ್ಪ ಕುಣಿದಾಡಿಕೊಂಡು ಮನೆಗೆ ಬಂದು ಸುದ್ದಿ ಹೇಳಿದ. ದ್ಯಾವಮ್ಮ ತನ್ನ ಪಾಲಿಗೆ ಬಂದ ಮಿಡಿಗಳನ್ನು ತೊಟ್ಟು ಬಿಡಿಸಿ ಭರಣಿಗೆ ತುಂಬುತ್ತಿದ್ದಳು. ಕೈ ನಿಲ್ಲಿಸಿ, ಕೊನೆಯವರೆಗೂ ಕೇಳಿದಳು. ಆಮೇಲೆ ಒಂದು ಹಿಡಿ ಉಪ್ಪು ಹಾಕಿದಳು. ಮತ್ತೊಂದು ಹಿಡಿ ಹಾಕಿದಳು.

“ಯಾಕಮ್ಮಿ, ಇಷ್ಟೊಂದು ಉಪ್ಪು?”

“ಕೆಡದಂಗೆ ಇರ್ಬೇಕಲ್ಲ, ಮೂರು ನಾಕು ವರ್ಷ.”

“ಅಷ್ಟು ವರ್ಷ ಯಾಕೆ? ಮುಂದಿನ ವರ್ಷಾನೂ ನಾವೇ ಗೆಲ್ಲೋದು. ಈಗ ತಾನೇ ತೀರ್ಮಾನ ಆಗಿಲ್ವಾ?”

“ಅದಕ್ಕೇ,” ಎಂದು ದ್ಯಾವಮ್ಮ ಇನ್ನೊಂದು ಹಿಡಿ ಹಾಕಿದಳು.