ಮುಚ್ಚಳದ ಜೇಬು

ನಾನು ಒಂದು ಕ್ಯಾಮೆರಾ ಚೀಲ. ಕಂಪನಿಯ ಹೆಸರು ಹೊತ್ತು ಹುಟ್ಟಿದವನಲ್ಲ. ಗುಳೇದಗುಡ್ಡದ ಬಸ್ ನಿಲ್ದಾಣದ ಪಕ್ಕ, ಶಾಲೆಯ ಮಕ್ಕಳ ಪಾಟಿಚೀಲ ಹೊಲಿಯುವ, ಕಿತ್ತ ಜಿಪ್ ಕೂಡಿಸುವ ದಾವಲಸಾಬರ ಮಷಿನ್ನಿನಲ್ಲಿ ಹುಟ್ಟಿದೆ. ಮೈಗೆ ಲಾರಿಯ ತಾಡಪಾಲು, ಹೊಟ್ಟೆಗೆ ಹಾಸಿಗೆಯ ಸ್ಪಂಜು. ರೂಪದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ನನ್ನಷ್ಟು ಅಳೆದು ಸುರಿದು ಮಾಡಿಸಿದ ಚೀಲ ಆ ಊರಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಹಾಗೆ ಅಳೆದು ಸುರಿದದ್ದೇ ಮುಳುವಾಯಿತು.

ನನ್ನ ಯಜಮಾನರು ಅಂದಾನಪ್ಪನವರು, ಪೇಟೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟವರು. ಸ್ಟುಡಿಯೊದ ಗೋಡೆಗೆ ಹಿಮದ ಗುಡ್ಡ ಬರೆದ ಪರದೆ. ಮೂವತ್ತು ವರ್ಷ ಊರಿನ ಮದುಮಕ್ಕಳನ್ನೆಲ್ಲ ಅದರ ಮುಂದೆ ನಿಲ್ಲಿಸಿದರು. ನಿಜವಾದ ಹಿಮದ ಗುಡ್ಡವನ್ನು ಮಾತ್ರ ಕಂಡಿರಲಿಲ್ಲ. ಒಂದು ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು, ನೋಟ ಅಂಚಿನಿಂದ ಮುಚ್ಚಿಕೊಳ್ಳುತ್ತ ಬರುವ ರೋಗವಿದು, ಮದ್ದಿಲ್ಲ ಎಂದರು. "ನೋಡೂದು ಏನರ ಇದ್ರ ಲಗೂನ ನೋಡಿಬಿಡ್ರಿ" ಎಂದೂ ಹೇಳಿದರು. ಇದೆಲ್ಲ ನಾನು ಹುಟ್ಟುವ ಮುಂಚಿನ ಮಾತು, ಅವರ ಹೆಂಡತಿ ಕಸ್ತೂರಕ್ಕನ ಬಾಯಿಂದ ಕೇಳಿದ್ದು.

ಮರುವಾರವೇ ರೈಲು ಹತ್ತಬೇಕಿತ್ತು. ಆದರೆ ಫೋಟೊ ತೆಗೆಯುವವರ ಜೀವ, ಲೆನ್ಸು ಬಿಟ್ಟು ಹೋಗಲು ಒಪ್ಪಲಿಲ್ಲ. ಗುಡ್ಡದ ಸಾಲಿಗೆ ಅಗಲ ನೋಟದ್ದು, ಮುಖಕ್ಕೆ ನಡುವಿನದು, ದೂರದ ಶಿಖರಕ್ಕೆ ಉದ್ದದ್ದು. ಮೂರೂ ಬೇಕು, ಮೂರನ್ನೂ ಹೊರುವ ಚೀಲ ಬೇಕು. ಒಂದು ಚೀಲ ಭುಜ ಕಡಿಯಿತು. ಒಂದನ್ನು ಬೆನ್ನಿಂದ ಇಳಿಸದೆ ತೆರೆಯಲು ಬರುತ್ತಿರಲಿಲ್ಲ. ಎಲ್ಲದರ ಒಳಗೂ ಕಪ್ಪು ಬಟ್ಟೆ, ಅವರ ಕಣ್ಣಿಗೆ ಅದು ಬಾವಿ. ಅಂಗಡಿಯವರ ಮುಂದೆಯೇ ಕಣ್ಣು ಮುಚ್ಚಿ ಒಳಗೆ ಕೈಹಾಕುವರು. ಬೇಡದ ಲೆನ್ಸು ಕೈಗೆ ಬಂದರೆ ಚೀಲ ವಾಪಸ್. ಹುಬ್ಬಳ್ಳಿ ಮುಗಿಯಿತು, ಬೆಳಗಾವಿ ಮುಗಿಯಿತು, ಆನ್‌ಲೈನಿನಲ್ಲಿ ತರಿಸಿದ ನಾಲ್ಕು ಚೀಲ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದವು.

"ಹಳೇ ಚೀಲಕ್ಕ ಏನ್ ಧಾಡಿ ಆಗೈತ್ರೀ? ಒಂದ ಲೆನ್ಸ್ ತಗೊಂಡು ನಡೀರಿ" ಎಂದರಂತೆ ಕಸ್ತೂರಕ್ಕ.

"ಅಲ್ಲಿ ಹೋಗಿ ನಿಂತಾಗ ತಡಕ್ಯಾಡೂದು ಬ್ಯಾಡ. ಕಣ್ಣು ಹೋದ್ರೂ ಕೈ ತಪ್ಪಬಾರ್ದು."

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಲಗ್ನದ ಸೀಸನ್ ಬಂತು, ಹೋಯಿತು. ಮಳೆಗಾಲವೂ ಬಂತು.

ಕೊನೆಗೆ ದಾವಲಸಾಬರ ಹತ್ತಿರ ಬಂದರು. "ಕಣ್ಣ ಮುಚ್ಚಿ ಚೀಲ ತಗೊಳೋ ಗಿರಾಕಿನ್ನ ಇವತ್ತ ನೋಡಿದೆ ನೋಡ್ರಿ ಅಣ್ಣಾರ" ಎಂದು ಅವರು ನಕ್ಕರು. ವಿಷಯ ತಿಳಿದ ಮೇಲೆ ನಗಲಿಲ್ಲ. ಮೂರು ಮನೆಗೆ ಮೂರು ಅರಿವೆಯ ಅಸ್ತರು ಕೊಡೋಣ, ಮುಟ್ಟಿದರೆ ತಿಳಿಯುತ್ತದೆ ಎಂದರು. ಅಗಲದ ಲೆನ್ಸಿಗೆ ಹಳೆಯ ಜೀನ್ಸು, ಉದ್ದದ್ದಕ್ಕೆ ಮಖಮಲ್ಲು, ಮುಖದ ಲೆನ್ಸಿಗೆ ಕಸ್ತೂರಕ್ಕನ ಮದುವೆಯ ಕುಪ್ಪಸದ ಖಣ. ಬಾಯಂಚಿಗೆ ಲೆನ್ಸಿನ ಮುಚ್ಚಳಕ್ಕೊಂದು ಪುಟ್ಟ ಜೇಬು. ಆ ಜೇಬಿಗೆ ಯಜಮಾನರದೊಂದು ನೇಮವಿತ್ತು: ಮುಚ್ಚಳದ ಮೇಲಿನ ಉಬ್ಬಕ್ಷರ ಯಾವಾಗಲೂ ಹೊರಮುಖಕ್ಕೇ ಇರಬೇಕು.

ದಸರೆ ಕಳೆದ ಮೇಲೆ ಹೊರಟೆವು. ಡಾಕ್ಟರು ಹೇಳಿ ಹನ್ನೊಂದು ತಿಂಗಳಾಗಿತ್ತು. ರೈಲಿನಲ್ಲಿ ಯಜಮಾನರು ಯಾರದೋ ಕಾಲು ತುಳಿದರು, ಯಾರದೋ ಚಹಾ ಚೆಲ್ಲಿದರು. "ಗದ್ದಲ ಭಾಳ ಐತಿ" ಎಂದರು. ಕಸ್ತೂರಕ್ಕ ಅವರ ತೋಳು ಬಿಡಲಿಲ್ಲ.

ಹಿಮಾಚಲದ ಒಂದು ಸಣ್ಣ ಊರು. ಎರಡು ದಿನ ಬರೀ ಮೋಡ. ಮೂರನೆಯ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ನನ್ನನ್ನು ತೆರೆದಿಟ್ಟುಕೊಂಡು ಇಬ್ಬರೂ ಕೂತಿದ್ದರು. "ರೀ, ಬಂತ್ರೀ! ಗುಡ್ಡ ಬಂತು!" ಎಂದು ಕಸ್ತೂರಕ್ಕ ಕೂಗಿದರು. ಯಜಮಾನರ ಕೈ ಒಂದು ಕ್ಷಣವೂ ತಡಕಾಡಲಿಲ್ಲ, ನೇರ ಮಖಮಲ್ಲಿಗೆ ಬಂತು. ಉದ್ದದ ಲೆನ್ಸು ಕ್ಯಾಮೆರಾಕ್ಕೆ ಕೂತಿತು. ನನ್ನ ಜನ್ಮ ಸಾರ್ಥಕವಾಯಿತು ಅಂದುಕೊಂಡೆ.

"ಕಾಣತೈತೇನ್ರೀ?"

"ಹಾಂ, ಕಾಣಾಕತ್ತೈತಿ. ನಮ್ಮ ಪರದೆ ಗುಡ್ಡಕ್ಕಿಂತ ಎತ್ತರ ಐತಿ ಬಿಡು." ಕ್ಲಿಕ್, ಕ್ಲಿಕ್ ಎಂದು ಒಂದೇ ಸಮ ತೆಗೆದರು.

ನನ್ನ ಜೇಬು ಖಾಲಿ ಇತ್ತು. ಮುಚ್ಚಳ ಅದಕ್ಕೆ ಬಂದೇ ಇರಲಿಲ್ಲ. ಲೆನ್ಸಿನ ಮೂತಿಗೇ ಇತ್ತು. ಕಸ್ತೂರಕ್ಕನೂ ನೋಡಿದರು. "ಇಲ್ಲಿ ಕೊಡ್ರಿ, ಕೈ ಮರಗಟ್ಟಿರಬೇಕು" ಎಂದು ಕ್ಯಾಮೆರಾ ಇಸಿದುಕೊಂಡು, ಸದ್ದಾಗದಂತೆ ಮುಚ್ಚಳ ಬಿಚ್ಚಿ ನನ್ನ ಜೇಬಿಗೆ ತುರುಕಿದರು. ಆಮೇಲೆ ಯಜಮಾನರು ಲೆನ್ಸು ಮುಚ್ಚಲು ಜೇಬಿಗೆ ಕೈಹಾಕಿದಾಗ ಬೆರಳು ಒಂದು ಗಳಿಗೆ ತಡೆಯಿತು. ಚಳಿಗೆ ಇರಬೇಕು ಅಂದುಕೊಂಡೆ.

ಊರಿಗೆ ಬಂದ ಮೇಲೆ ಕಸ್ತೂರಕ್ಕ ನನ್ನನ್ನು ಹೆಗಲಿಗೇರಿಸಿಕೊಂಡು ಬಾಗಲಕೋಟೆಯ ಫೋಟೊ ಲ್ಯಾಬಿಗೆ ಹೋದರು. "ಎಲ್ಲಾ ಕರ್ರಗ ಬಂದಾವಲ್ರೀ ಅಕ್ಕಾರ" ಎಂದ ಲ್ಯಾಬಿನವ. "ಇರ್ಲಿ ಬಿಡಪ್ಪಾ. ಯಾವ್ದರ ಹಿಮದ ಗುಡ್ಡದ್ದು ಇದ್ರ ದೊಡ್ಡದು ಮಾಡಿ ಕೊಡು" ಎಂದರು ಆಕೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅತ್ತರು. ನನ್ನ ತಾಡಪಾಲು ಮಳೆ ತಡೆಯಲೆಂದು ಹುಟ್ಟಿದ್ದು, ಆ ಕಣ್ಣೀರೂ ಒಳಗಿಳಿಯಲಿಲ್ಲ. ಆದರೂ ನನಗೆ ತಿಳಿಯಿತು.

ಈಗ ಸ್ಟುಡಿಯೊ ಇಲ್ಲ. ಕ್ಯಾಮೆರಾ, ಲೆನ್ಸು ಬೇರೆಯವರ ಪಾಲಾದವು. ನಾನು ಪಡಸಾಲೆಯ ಗೂಟಕ್ಕೆ ನೇತಾಡುತ್ತೇನೆ. ಜೀನ್ಸಿನ ಮನೆಯಲ್ಲಿ ಬೆಳಗಿನ ಗುಳಿಗೆ, ಮಖಮಲ್ಲಿನಲ್ಲಿ ಸಂಜೆಯದು, ಖಣದ ಮನೆಯಲ್ಲಿ ಕಸ್ತೂರಕ್ಕನ ಬಿ.ಪಿ. ಗುಳಿಗೆ. ಯಜಮಾನರ ಕೈ ಇವತ್ತಿಗೂ ತಪ್ಪುವುದಿಲ್ಲ. ನನ್ನನ್ನು ಹೊಗಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಹಳೆಯ ಚೀಲ ಹೆಗಲಿಗೆ ಹಾಕಿಕೊಂಡು ಅವತ್ತೇ ಹೋಗಿದ್ದರೆ ಅವರು ಗುಡ್ಡ ನೋಡುತ್ತಿದ್ದರು. ನಾನು ಹುಟ್ಟುವುದರಲ್ಲಿ ಅವರ ಕಣ್ಣು ಹೋಯಿತು.

ಮೊನ್ನೆ ನನ್ನ ಜಿಪ್ ಸರಿಮಾಡಲು ದಾವಲಸಾಬರು ಮನೆಗೇ ಬಂದಿದ್ದರು. ಕಸ್ತೂರಕ್ಕ ಒಳಗೆ ಚಹಾಕ್ಕಿಟ್ಟಿದ್ದರು. ಯಜಮಾನರು ನನ್ನ ಪುಟ್ಟ ಜೇಬಿನೊಳಗೆ ಬೆರಳಾಡಿಸುತ್ತ ದನಿ ತಗ್ಗಿಸಿದರು:

"ದಾವಲಸಾಬ, ಅವತ್ತ ನಾ ಮುಚ್ಚಳನ ತೆಗೆದಿದ್ದಿಲ್ಲ. ಇದರಾಗ ಅಕ್ಷರ ಒಳಗ ಮಾಡಿ ಇಟ್ಟಿತ್ತು. ನಾ ಇಟ್ರ ಹಂಗ ಇಡ್ತಿದ್ನೇನು? ಆಕಿ ಇಟ್ಟಾಳ. ನನಗ ಗೊತ್ತೈತಿ ಅಂತ ಆಕಿಗಿ ಗೊತ್ತಾಗೂದು ಬ್ಯಾಡ."

ಕಸ್ತೂರಕ್ಕ ಚಹಾ ತಂದರು. ಗೋಡೆಯ ಮೇಲೆ ಕಟ್ಟುಹಾಕಿಸಿದ ಆ ಯಾವುದೋ ಗುಡ್ಡದ ಚಿತ್ರದ ಕಡೆ ಮುಖಮಾಡಿ ಯಜಮಾನರು ಕೇಳಿದರು, "ಕಸ್ತೂರಿ, ನಾ ತೆಗೆದ ಗುಡ್ಡ ದಾವಲಸಾಬಗ ಒಂದಿಷ್ಟು ಹೇಳು."

ಆಕೆ ಚಿತ್ರದ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಹೇಳತೊಡಗಿದರು: ಮೊದಲು ತುದಿಯೊಂದೇ ಕಂಡಿತು, ಬಿಸಿಲು ಬಿದ್ದು ಅರಿಸಿನದ ಬಣ್ಣಕ್ಕಿತ್ತು. ಆಮೇಲೆ ಮೋಡ ಕೆಳಗಿಳಿದು ಎಡಕ್ಕೆ ಇನ್ನೊಂದು ಸಣ್ಣ ಗುಡ್ಡ ಬಂತು, ಅದರ ಮೈಮೇಲೆ ಒಂದು ಕರಿ ಗೆರೆ. ಗೋಡೆಯ ಚಿತ್ರದಲ್ಲಿ ಸಣ್ಣ ಗುಡ್ಡವೂ ಇಲ್ಲ, ಕರಿ ಗೆರೆಯೂ ಇಲ್ಲ. ಅವತ್ತು ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿದ್ದ ನನಗೆ ಮಾತ್ರ ಗೊತ್ತು, ಆಕೆ ಹೇಳಿದ್ದು ಒಂದಕ್ಷರವೂ ಸುಳ್ಳಲ್ಲ. ಯಜಮಾನರು ಚಹಾ ಕುಡಿಯುವುದನ್ನು ಮರೆತು ಕೇಳುತ್ತಿದ್ದರು.