ಏಳು ತೇಪೆಯ ಚಪ್ಪಡಿ

ಆ ಬೀದಿಯ ಮೇಸ್ತ್ರಿಯವರ ಕೈ ಎಂಥದ್ದೆಂದರೆ, ಅವರು ಕಟ್ಟಿದ ಗೋಡೆಯನ್ನು ನೋಡಿ ಪಕ್ಕದ ಕರೆಂಟು ಕಂಬಗಳು ನಾಚಿ ನೆಟ್ಟಗೆ ನಿಲ್ಲುತ್ತಿದ್ದವು. ಅವರು ಹಾಸಿದ ನೆಲದ ಮೇಲೆ ಗೋಲಿ ಬಿಟ್ಟರೆ ಅದು ಯಾವ ಕಡೆಗೆ ಉರುಳಬೇಕೆಂದು ತಿಳಿಯದೆ ಮೂರು ದಿನ ನಿಂತಲ್ಲೇ ನಿಂತಿರುತ್ತಿತ್ತು. ಇದನ್ನು ಅಲ್ಲಗಳೆದವರು ಇದುವರೆಗೂ ಯಾರೂ ಇಲ್ಲ. ಇದ್ದರೂ ಮೇಸ್ತ್ರಿಯವರ ಎದುರಿಗೆ ಬಾಯಿ ಬಿಟ್ಟಿಲ್ಲ.

ಅಂಥವರ ಸ್ವಂತ ಮನೆಯಲ್ಲಿ, ಗೇಟಿನಿಂದ ಬಾಗಿಲಿಗೆ ಹೋಗುವ ದಾರಿಯ ಐದು ಕಾಂಕ್ರೀಟ್ ಚಪ್ಪಡಿಗಳಲ್ಲಿ ಮೂರನೆಯದು ಒಂದು ಕಡೆಗೆ ಕುಸಿದಿತ್ತು. ಎರಡು ಬೆರಳಷ್ಟು. ಎದುರು ಮನೆಯ ಸೈಕಲ್ ರಿಪೇರಿಯವರು ಅದಕ್ಕೆ ‘ಮೇಸ್ತ್ರಿಯವರ ಪಾತಾಳ’ ಎಂದು ಹೆಸರಿಟ್ಟು, ಬೀದಿಗೆಲ್ಲ ಹಂಚಿದ್ದರು.

ಮೇಸ್ತ್ರಿಯವರು ಸುಮ್ಮನೆ ಕೂತವರಲ್ಲ. ಚಪ್ಪಡಿ ಇಳಿದಾಗಲೆಲ್ಲ ಸಿಮೆಂಟು ಕಲಸಿ, ಮೇಲೊಂದು ತೇಪೆ ಹಾಕಿ, ಕರಣೆಯಿಂದ ಕನ್ನಡಿಯಂತೆ ತೀಡಿ ಸಮ ಮಾಡುತ್ತಿದ್ದರು. ಕೆಲವು ತಿಂಗಳು ಎಲ್ಲ ಸರಿ. ಆಮೇಲೆ ಅದು ಮತ್ತೆ ಇಳಿಯುವುದು, ಇವರು ಮತ್ತೆ ತೇಪೆ ಹಾಕುವುದು. ಹೀಗೆ ಏಳು ತೇಪೆಗಳಾಗಿದ್ದವು.

ಏಳನೆಯದೂ ಇಳಿದ ಮೇಲೆ, ಒಂದು ಬೆಳಿಗ್ಗೆ ಮೇಸ್ತ್ರಿಯವರ ಹೆಂಡತಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬರುತ್ತಿದ್ದಾಗ ಆ ಅಂಚಿಗೆ ಕಾಲು ತಗುಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಈಗ ನಾಲ್ಕು ಕಾಲಿನ ವಾಕರ್ ಹಿಡಿದು ವಾರ್ಡಿನೊಳಗೆ ನಿಧಾನವಾಗಿ ನಡೆಯುತ್ತಿದ್ದರು. ಶನಿವಾರ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ದಿನ, ಮೇಸ್ತ್ರಿಯವರು ಬಾಯಿ ತುಂಬ ನಕ್ಕರು. ಹೆಂಡತಿ ನಗಲಿಲ್ಲ.

“ನಾನು ಮನೆಗೆ ಬರಲ್ಲ ರೀ,” ಎಂದರು. “ಆ ಚಪ್ಪಡಿ ಮಟ್ಟ ಆಗೋವರೆಗೂ ತಂಗಿ ಮನೇಲಿರ್ತೀನಿ. ಊರಿಗೆಲ್ಲ ನೆಲ ಹಾಸಿಕೊಟ್ರಿ, ನನ್ನ ಕಾಲ ಕೆಳಗಿಂದು ಮಾತ್ರ ನಿಮ್ಮ ಕಣ್ಣಿಗೆ ಬೀಳಲಿಲ್ಲ.”

ಮೇಸ್ತ್ರಿಯವರಿಗೆ ಆ ಮಾತು ಎದೆಗೆ ನಾಟಿತು. ಸಿಟ್ಟಿನ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದರು. ಹೆಂಡತಿ ಅದನ್ನು ಮೆಲ್ಲಗೆ, ವಾಕರಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಹೇಳಿದ್ದರು. ಅದು ಭಯದ ಮಾತು.

ಸೋಮವಾರ ಸಂಜೆ ಅವರು ಎಂಟನೆಯ ತೇಪೆಗೆ ಮರಳು ಜರಡಿ ಹಿಡಿಯುತ್ತ ಕೂತಿದ್ದಾಗ ಸೊಸೆ ಕೆಲಸದಿಂದ ಬಂದಳು. ಅವಳು ಊರಿನ ಕಾಲುದಾರಿಗಳ ದುರಸ್ತಿ ನೋಡಿಕೊಳ್ಳುವ ಮೇಲ್ವಿಚಾರಕಿ. ಕೈಯಲ್ಲೊಂದು ಅಳತೆ ಪಟ್ಟಿ, ಜೇಬಿನಲ್ಲೊಂದು ಬಣ್ಣದ ಸೀಮೆಸುಣ್ಣ. ಎಲ್ಲಿ ಚಪ್ಪಡಿ ಎದ್ದಿದೆ, ಎಲ್ಲಿ ಇಳಿದಿದೆ ಎಂದು ಗುರುತು ಹಾಕುತ್ತ ಅವಳು ನಡೆದ ದೂರವನ್ನು ಒಟ್ಟು ಮಾಡಿದರೆ ಭೂಮಿಯನ್ನು ಎರಡು ಸುತ್ತು ಹಾಕಿ, ಮಿಕ್ಕಿದ್ದರಲ್ಲಿ ಮಾರ್ಕೆಟ್ಟಿಗೂ ಹೋಗಿಬರಬಹುದಿತ್ತು.

ಅವಳು ಮರಳನ್ನು ನೋಡಿದಳು, ಮಾವನನ್ನು ನೋಡಿದಳು. ಒಳಗೆ ಹೋಗಿ ಮಾವನದೇ ಸಣ್ಣ ಸುತ್ತಿಗೆಯನ್ನು ತಂದು ಅವರ ಮುಂದೆ ಹಿಡಿದಳು.

“ಒಂದು ಸಲ ತಟ್ಟಿ ನೋಡಿ ಮಾವ.”

“ಏನಕ್ಕೆ? ನಾನು ಹಾಕಿದ್ದು ಕಣಮ್ಮ ಇದು.”

“ಬೇರೆಯವರು ಹಾಕಿದ್ದಾದ್ರೆ ಮೊದಲು ತಟ್ಟಿ ನೋಡ್ತಿದ್ರಿ ತಾನೆ?”

ಮೇಸ್ತ್ರಿಯವರು ಸುತ್ತಿಗೆ ತೆಗೆದುಕೊಂಡರು. ಅವರ ಕಿವಿಯೂ ಸಾಮಾನ್ಯದ್ದಲ್ಲ. ಒಂದು ಟೈಲಿನ ಕೆಳಗೆ ಸಾಸಿವೆ ಕಾಳಿನಷ್ಟು ಟೊಳ್ಳಿದ್ದರೂ ಮೂರು ಮನೆಯಾಚೆಯಿಂದ ಹೇಳುವ ಕಿವಿ. ಎರಡನೆಯ ಚಪ್ಪಡಿಯನ್ನು ತಟ್ಟಿದರು. ಗಟ್ಟಿ ಸದ್ದು. ನಾಲ್ಕನೆಯದನ್ನು ತಟ್ಟಿದರು. ಅದೂ ಗಟ್ಟಿ. ಮೂರನೆಯದನ್ನು ತಟ್ಟಿದರು. ಡಬ್ ಎಂದಿತು, ಖಾಲಿ ಡ್ರಮ್ಮಿನ ಹಾಗೆ. ಇಷ್ಟು ವರ್ಷ ಊರಿನ ನೆಲವನ್ನೆಲ್ಲ ತಟ್ಟಿದವರು, ತಮ್ಮದೆಂಬ ಒಂದೇ ಕಾರಣಕ್ಕೆ ಇದನ್ನು ಒಮ್ಮೆಯೂ ತಟ್ಟಿರಲಿಲ್ಲ.

ಸೊಸೆ ಸೂರಿನ ಮೂಲೆಯತ್ತ ಕೈ ತೋರಿದಳು. ಮಳೆನೀರಿನ ಪೈಪು ಸರಿಯಾಗಿ ಆ ಚಪ್ಪಡಿಯ ಪಕ್ಕಕ್ಕೇ ಬಾಯಿ ಬಿಟ್ಟಿತ್ತು. ಪ್ರತಿ ಮಳೆಯಲ್ಲೂ ನೀರು ಅಡಿಯ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಂಡು ಹೋಗಿದೆ. ಆಧಾರವಿಲ್ಲದ ಚಪ್ಪಡಿ ಇಳಿದಿದೆ. ಮೇಲೆ ಹಾಕಿದ ತೇಪೆ ಅದನ್ನು ಎತ್ತುವ ಬದಲು ಭಾರ ಹೇರಿ ಇನ್ನಷ್ಟು ತಗ್ಗಿಸಿದೆ. ಇದನ್ನು ಅವಳು ಮೆಲ್ಲಗೆ ಹೇಳಿದಳು. ಮೇಸ್ತ್ರಿಯವರು ಪೈಪನ್ನು ಶತ್ರುವಿನಂತೆ ದಿಟ್ಟಿಸಿದರು.

“ಹಾಗಾದ್ರೆ ಒಡೆದು ಹೊಸದು ಹಾಕ್ತೀನಿ,” ಎಂದರು. “ನಾಳೆಯೇ.”

ಸೊಸೆ ಅವರ ಡಬ್ಬಿಯಿಂದ ಹತ್ತು ಮೊಳೆಗಳನ್ನು ತೆಗೆದು ಚಪ್ಪಡಿಯ ಮೇಲೆ ಸಾಲಾಗಿ ಇಟ್ಟಳು. ಒಡೆದು, ಕೆಳಗೆ ಮಣ್ಣು ತುಂಬಿಸಿ, ಹೊಸದಾಗಿ ಹಾಕಿದರೆ ಹತ್ತೂ ಮೊಳೆ ಖರ್ಚು ಎಂದಿಟ್ಟುಕೊಳ್ಳಿ ಎಂದಳು. ಅದೂ ಅಲ್ಲದೆ ಹೊಸ ಕಾಂಕ್ರೀಟು ಗಟ್ಟಿಯಾಗಲು ಅದಕ್ಕೆ ನೀರು ಕಟ್ಟಿ ದಿನಗಟ್ಟಲೆ ಕಾಯಬೇಕು, ಅದು ಮಾವನಿಗೇ ಚೆನ್ನಾಗಿ ಗೊತ್ತು, ಶನಿವಾರಕ್ಕೆ ಆಗುವ ಮಾತಲ್ಲ. ಚಪ್ಪಡಿ ಚೂರುಚೂರಾಗಿದ್ದರೆ ಮಾತ್ರ ಆ ದಾರಿ.

ಚಪ್ಪಡಿ ಅಲುಗದೆ ಗಟ್ಟಿಯಾಗಿ ಕೂತಿದ್ದು, ಅಂಚು ಮಾತ್ರ ಅರ್ಧ ಬೆರಳಿನೊಳಗೆ ಎದ್ದಿದ್ದರೆ, ಯಂತ್ರದಿಂದ ಉಜ್ಜಿ ಇಳಿಜಾರು ಮಾಡಿದರೆ ಸಾಕು ಎಂದಳು. ಎರಡು ಮೊಳೆ. ನಮ್ಮದರ ಹಾಗೆ ಮೈ ಒಡೆಯದೆ ಕೆಳಗೆ ಮಾತ್ರ ಟೊಳ್ಳಾಗಿದ್ದರೆ, ತೂತು ಕೊರೆದು, ಮಣ್ಣು ಸಿಮೆಂಟಿನ ತೆಳು ಕಲಸನ್ನು ಪಂಪಿನಿಂದ ತುಂಬಿ, ಚಪ್ಪಡಿಯನ್ನು ಇದ್ದಲ್ಲೇ ಮೇಲೆತ್ತಬಹುದು. ನಾಲ್ಕೈದು ಮೊಳೆ. ಮಣ್ಣಿನ ಬದಲು ಉಬ್ಬುವ ನೊರೆಯನ್ನು ತುಂಬಿದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಆದರೆ ಏಳು ಮೊಳೆಯವರೆಗೂ ಹೋಗುತ್ತದೆ. ಕೋಣೆಯೊಳಗಿನ ಗಟ್ಟಿ ನೆಲ ಅಲ್ಲಲ್ಲಿ ತಗ್ಗಾಗಿದ್ದರೆ, ತಾನೇ ಹರಡಿಕೊಂಡು ಮಟ್ಟವಾಗುವ ಸಿಮೆಂಟಿನ ಪುಡಿ ಸಿಗುತ್ತದೆ. ಟೊಳ್ಳಿನ ಮೇಲೆ ಮಾತ್ರ ಅದನ್ನು ಸುರಿಯಬಾರದು, ಅದೂ ಇನ್ನೊಂದು ತೇಪೆಯೇ.

“ನಿನ್ನ ಪಂಪು ಇದನ್ನ ಎತ್ತುತ್ತಾ? ನಾನು ಹಾಕಿದ ಚಪ್ಪಡಿ. ಆನೆ ಬಂದ್ರೂ ಅಲುಗಲ್ಲ.”

“ಆನೆ ಬೇಡ ಮಾವ. ನಿಮ್ಮ ಒಂದೊಂದು ತೇಪೆಗೂ ಒಂದೊಂದು ಮೊಳೆ ಅಂತ ಹಿಡೀರಿ. ಏಳು ಮೊಳೆ ಆಗಲೇ ಹೋಗಿದೆ. ಅತ್ತೆ ಆಸ್ಪತ್ರೆ ಖರ್ಚಿಗೆ ಮೊಳೆ ಎಣಿಸೋಕೆ ಈ ಡಬ್ಬಿ ಸಾಲಲ್ಲ.”

ಮೇಸ್ತ್ರಿಯವರು ಜರಡಿ ಹಿಡಿದ ಮರಳನ್ನು ಮತ್ತೆ ಚೀಲಕ್ಕೆ ತುಂಬಿದರು. ಅವರು ಮರಳನ್ನು ಕಲಸದೆ ಬಿಟ್ಟದ್ದು ಬೀದಿಯ ಚರಿತ್ರೆಯಲ್ಲೇ ಮೊದಲು.

ಮಂಗಳವಾರ ಪಂಪಿನಿಂದ ಚಪ್ಪಡಿ ಎತ್ತುವ ಮೂವರ ಹತ್ತಿರ ದರ ಕೇಳಿದರು. ಒಬ್ಬನು ನೋಡದೆಯೇ ಫೋನಿನಲ್ಲಿ ದರ ಹೇಳಿದ, ಅವನನ್ನು ಬಿಟ್ಟರು. ಇನ್ನೊಬ್ಬನು ಪೈಪಿನ ಮಾತೇ ಎತ್ತಲಿಲ್ಲ, ಅವನನ್ನೂ ಬಿಟ್ಟರು. ಮೂರನೆಯ ಗುಂಪಿನ ಹೆಂಗಸು ಬಂದವಳೇ ಮೊದಲು ಚಪ್ಪಡಿಯನ್ನು ತಟ್ಟಿದಳು. “ಈಕೆಗೆ ಕೆಲಸ ಗೊತ್ತು,” ಎಂದು ಮೇಸ್ತ್ರಿಯವರು ಸೊಸೆಯ ಕಿವಿಯಲ್ಲಿ ಹೇಳಿದರು. ಆ ಸಂಜೆಯೇ ಮಳೆನೀರಿನ ಪೈಪನ್ನು ತಾವೇ ಉದ್ದ ಮಾಡಿ, ನೀರು ಬೀದಿಯ ಚರಂಡಿಗೆ ಹೋಗುವಂತೆ ತಿರುಗಿಸಿದರು.

ಗುರುವಾರ ಕೆಲಸ ಶುರುವಾಯಿತು. ಮೊದಲು ಏಳು ತೇಪೆಗಳನ್ನೂ ಕಿತ್ತರು. ಒಂದೊಂದು ಪದರ ಏಳುವಾಗಲೂ ಮೇಸ್ತ್ರಿಯವರು ಮುಖ ಆಚೆ ತಿರುಗಿಸಿದರು. ಕೊನೆಯ ಪದರ ಎದ್ದಾಗ ಪಂಪಿನ ಗುಂಪಿನ ಹೆಂಗಸು ಕರೆದಳು. ಚಪ್ಪಡಿಯ ಮೇಲೆ ಒಂದು ಬಿರುಕಿಲ್ಲ. ಮಧ್ಯದಲ್ಲಿ ಮಾತ್ರ ಒಂದು ಚಪ್ಪಲಿಯ ಗುರುತು, ಹಿಮ್ಮಡಿ ಸವೆದ ಹೆಂಗಸಿನ ಚಪ್ಪಲಿ. ಇಪ್ಪತ್ತೆರಡು ವರ್ಷದ ಹಿಂದೆ, ಹಸಿ ಕಾಂಕ್ರೀಟಿನ ಮೇಲೆ ಹೆಂಡತಿ ಗೊತ್ತಿಲ್ಲದೆ ಕಾಲಿಟ್ಟಿದ್ದರು, ಮೇಸ್ತ್ರಿಯವರು ಒಂದು ವಾರ ಮಾತು ಬಿಟ್ಟಿದ್ದರು. ಮೊದಲ ತೇಪೆಯಲ್ಲೇ ಅದು ಮುಚ್ಚಿಹೋಗಿತ್ತು.

“ಅದಕ್ಕೇನೂ ಮಾಡಬೇಡಿ, ಹಾಗೇ ಇರಲಿ,” ಎಂದರು ಮೇಸ್ತ್ರಿಯವರು. ತಾವೇ ಪೊರಕೆ ತಂದು ಗುರುತಿನೊಳಗಿನ ಸಿಮೆಂಟಿನ ಧೂಳನ್ನು ಗುಡಿಸಿದರು.

ನಿಂಬೆಹಣ್ಣು ಹೋಗುವಷ್ಟು ಅಗಲದ ನಾಲ್ಕು ತೂತು ಕೊರೆದರು. ಪಂಪು ಗುರ್ ಎಂದಿತು. ಎದುರು ಮನೆಯ ಸೈಕಲ್ ರಿಪೇರಿಯವರು ಪಂಕ್ಚರ್ ಬಿಟ್ಟು ಓಡಿಬಂದರು. ಮೇಸ್ತ್ರಿಯವರು ಮಂಡಿಯೂರಿ ಕೂತು, ರಸಮಟ್ಟವನ್ನು ಚಪ್ಪಡಿಯ ಮೇಲಿಟ್ಟು, ಅದರ ಗಾಜಿನೊಳಗಿನ ಗುಳ್ಳೆಯನ್ನು ನೋಡುತ್ತಿದ್ದರು. ಚಪ್ಪಡಿ ಎಚ್ಚರಗೊಂಡ ಹಾಗೆ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಮೇಲೆದ್ದಿತು. ಯಂತ್ರದವರು ಗುಳ್ಳೆ ನಡುವಿಗೆ ಬರಲೆಂದು ಕಾಯುತ್ತಿದ್ದರು. ಅದಕ್ಕೆ ಸ್ವಲ್ಪ ಮೊದಲೇ ಮೇಸ್ತ್ರಿಯವರು ಕೈ ಎತ್ತಿದರು.

“ಸಾಕು. ನೀರು ಹೊರಗೆ ಹರಿಯೋಕೆ ಇಷ್ಟು ವಾಟ ಇರಬೇಕು.”

ಗುಂಪಿನ ಹೆಂಗಸು ಪಂಪು ನಿಲ್ಲಿಸಿ, ತೂತುಗಳನ್ನು ಸಿಮೆಂಟಿನಿಂದ ಮುಚ್ಚಿ, ಅಳತೆ ಪಟ್ಟಿ ಹಿಡಿದು ನೋಡಿದಳು. ಪಕ್ಕದ ಚಪ್ಪಡಿಗೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಇಷ್ಟು ವರ್ಷವಾದರೂ ಮೈ ಒಡೆಯದ ಚಪ್ಪಡಿಯನ್ನು ತಾನು ಎತ್ತಿದ್ದು ಕಡಿಮೆ, ಹಾಕಿದವರ ಕೈ ಒಳ್ಳೆಯದು ಎಂದಳು. ಅಷ್ಟೇ ಸಾಕಾಯಿತು. ಮೇಸ್ತ್ರಿಯವರ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೊಂದು ಹಾರಿ ಎದುರು ಮನೆಯ ಸೈಕಲ್ ಬೆಲ್ಲಿಗೆ ಬಡಿದು ಟಿಣ್ ಎಂದಿತು.

ಶನಿವಾರ ಹೆಂಡತಿ ಗೇಟಿನ ಹತ್ತಿರ ಕಾರಿನಿಂದ ಇಳಿದರು. ಒಂದನೆಯ ಚಪ್ಪಡಿ, ಎರಡನೆಯದು. ಮೂರನೆಯದರ ಮುಂದೆ ನಿಂತರು. ವಾಕರಿನ ಕಾಲನ್ನು ಅಂಚಿನ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿದರು. ಎಲ್ಲೂ ತಡೆಯಲಿಲ್ಲ. ಆಮೇಲೆ ತಲೆ ತಗ್ಗಿಸಿ ಹಳೆಯ ಚಪ್ಪಲಿ ಗುರುತನ್ನು ನೋಡಿ, ತಮ್ಮ ಕಾಲನ್ನು ಅದರ ಮೇಲೆಯೇ ಊರಿದರು.

“ಮತ್ತೆ ಒಂದು ವಾರ ಮಾತು ಬಿಡ್ತೀರೇನ್ರಿ?”

“ಇಲ್ಲ ಕಣೆ. ನಾನು ತಟ್ಟಿ ನೋಡಿದ್ದು ತಡ ಆಯ್ತು. ನಡಿ ಒಳಗೆ.”

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬಾಗಿಲಿಗೂ ಒಂದು ದಾರಿ ಇದೆಯಲ್ಲ. ಇವತ್ತೇ ಒಂದು ಸುತ್ತಿಗೆ ತೆಗೆದುಕೊಂಡು ಹೋಗಿ ತಟ್ಟಿ. ಡಬ್ ಎಂದರೆ ತೇಪೆ ಹಾಕಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ, ಮೊದಲು ಅದನ್ನು ತಿರುಗಿಸಿ. ಉಜ್ಜಿದರೆ ಸಾಕೋ, ಎತ್ತಬೇಕೋ, ಒಡೆಯಲೇಬೇಕೋ ಎಂದು ತಿಳಿದವರನ್ನು ಕರೆಸಿ ತೋರಿಸಿ, ಮೂವರಿಂದ ದರ ಕೇಳಿ. ಮೊಳೆಯ ಲೆಕ್ಕ ಊರಿಂದೂರಿಗೆ ಹೆಚ್ಚು ಕಡಿಮೆ ಆದೀತು, ಆದರೆ ಯಾವ ಊರಿನಲ್ಲೂ ಮುರಿದ ಮೂಳೆ ಅಗ್ಗವಲ್ಲ. ಯಾರಾದರೂ ಬೀಳುವ ಮೊದಲೇ ತಟ್ಟಿ. ಆಮೇಲೆ ಎಷ್ಟು ಬೇಕಾದರೂ ಎದೆ ಉಬ್ಬಿಸಿಕೊಳ್ಳಿ, ಗುಂಡಿ ಮಾತ್ರ ಗಟ್ಟಿಯಾಗಿ ಹೊಲಿಸಿಕೊಂಡಿರಿ.