ರೊಬ್ಲೆದೊ ಊರಿನ ಮೊದಲ ರೊಬ್ಲೆದೊ

ರೊಬ್ಲೆದೊ ಎಂಬ ಊರಿನಲ್ಲಿ ರೊಬ್ಲೆದೊ ಎಂಬ ಮನೆತನದ ಹೆಸರಿನವರು ಒಬ್ಬರೂ ಇರಲಿಲ್ಲ. ಸ್ಪೇನಿನ ಲೆಯೊನ್ ಸೀಮೆಯ ಬೆಟ್ಟದ ಮಗ್ಗುಲಲ್ಲಿ, ಓಕ್ ಮರಗಳ ತೋಪಿಗೆ ಬೆನ್ನು ಕೊಟ್ಟು ಕೂತಿದ್ದ ಆ ಪುಟ್ಟ ಊರಿನಲ್ಲಿದ್ದವರೆಲ್ಲ ಫೆರ್ನಾಂದೆಸ್, ದಿಯೆಸ್, ಆಲ್ವಾರೆಸ್‌ಗಳೇ. ಬೆನಿಲ್ದೆ ಚಿಕ್ಕವಳಿದ್ದಾಗ ಇದು ಯಾಕೆಂದು ಅಮ್ಮನನ್ನು ಕೇಳಿದ್ದಳು. ಅಮ್ಮ ಒಲೆಯ ಮುಂದೆ ಕೂತು ಸುಟ್ಟ ಚೆಸ್ಟ್‌ನಟ್ ಸುಲಿಯುತ್ತಿದ್ದಳು. ಓಕ್ ಮರಗಳ ತೋಪಿಗೇ ರೊಬ್ಲೆದೊ ಎನ್ನುವುದು. ಊರೊಳಗಿರುವಾಗ ಯಾರೂ ಯಾರನ್ನೂ ಊರ ಹೆಸರು ಹಿಡಿದು ಕೂಗುವುದಿಲ್ಲ, ಎಲ್ಲರೂ ಇಲ್ಲಿಯವರೇ ಅಲ್ಲವೇ. ಬೆಟ್ಟ ಇಳಿದು ಪರಸ್ಥಳಕ್ಕೆ ಹೋದ ಮೇಲೆ ಅಲ್ಲಿನವರು 'ಆ ಓಕ್ ತೋಪಿನವನು' ಎಂದು ಗುರುತು ಹೇಳುತ್ತಾರೆ, ಹೇಳಿ ಹೇಳಿ ಅದೇ ಹೆಸರಾಗಿ ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಳ್ಳುತ್ತದೆ ಎಂದಳು. ರೊಬ್ಲೆದೊ ಎಂದರೆ ಊರು ಬಿಟ್ಟವನು ಅಂತಲೇ ಅರ್ಥ ಎಂದೂ ಸೇರಿಸಿದಳು.

ಹುಡುಗಿಯ ತಲೆಯಲ್ಲಿ ಆ ಮಾತು ಬೇರೆಯೇ ರೂಪ ತಾಳಿತು. ಮಂಜು ಕವಿದ ಬೆಳಗುಗಳಲ್ಲಿ ತೋಪಿನ ಮರಗಳು ಒಂದೊಂದಾಗಿ ಬೇರು ಬಿಡಿಸಿಕೊಂಡು, ಸದ್ದಿಲ್ಲದೆ ಬೆಟ್ಟ ಇಳಿದು, ಸಮುದ್ರದ ದಿಕ್ಕಿಗೆ ನಡೆದುಹೋಗುವುದನ್ನು ಅವಳು ಹಾಸಿಗೆಯಲ್ಲಿ ಕೂತೇ ಕಾಣುತ್ತಿದ್ದಳು. ದೊಡ್ಡವಳಾಗಿ, ಅಮ್ಮನನ್ನು ಮಣ್ಣು ಮಾಡಿ, ಮುಚ್ಚಿಹೋದ ಶಾಲೆಯ ಕಟ್ಟಡದಲ್ಲಿ ಊರಿನ ಒಂದೇ ಬಾರ್ ನಡೆಸತೊಡಗಿದ ಮೇಲೂ, ಬೇರಾರೂ ಒಪ್ಪದ್ದರಿಂದ ಊರ ಪಂಚಾಯಿತಿಯ ಹಿರಿತನ ಅವಳ ತಲೆಗೇ ಬಂದ ಮೇಲೂ, ಮಂಜು ಬಿದ್ದ ದಿನ ಅವಳಿಗೆ ಆ ನಡೆಯುವ ಮರಗಳು ಕಾಣುವುದು ನಿಂತಿರಲಿಲ್ಲ.

ಬೇಸಿಗೆಯಲ್ಲಿ ಮಾತ್ರ ರೊಬ್ಲೆದೊಗಳು ಬರುತ್ತಿದ್ದರು. ಕೊಲಂಬಿಯದಿಂದ, ಮೆಕ್ಸಿಕೊದಿಂದ, ಅರ್ಜೆಂಟೀನಾದಿಂದ. ಕಾರು ನಿಲ್ಲಿಸಿ, ಊರಿನ ಹೆಸರು ಬರೆದ ಫಲಕವನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಂಡು, ಬಾರ್‌ನಲ್ಲಿ ಒಂದು ಲೋಟ ವೈನ್ ಕುಡಿದು ಹೋಗುವರು. ಕೊಲಂಬಿಯದ ಒಬ್ಬ ಮೇಷ್ಟರು ತಮ್ಮ ಮೆದೆಯಿನ್ ಪಟ್ಟಣದಲ್ಲಿ ಈ ಹೆಸರಿನ ಒಂದು ಬಡಾವಣೆಯೇ ಇದೆ, ಇಡೀ ಸ್ಪೇನಿನಲ್ಲಿರುವ ರೊಬ್ಲೆದೊಗಳಿಗಿಂತ ತಮ್ಮ ಕಡೆಯೇ ಹೆಚ್ಚು ಜನ ಇದ್ದಾರು ಎಂದು ಹೆಮ್ಮೆಯಿಂದ ಹೇಳಿ ಹೋಗಿದ್ದರು. ಮೇಕೆ ಸಾಕಿಕೊಂಡಿದ್ದ ಮುದುಕ ಅಮಾದೊರ್‌ಗೆ ಇವರನ್ನು ಕಂಡರೆ ತಮಾಷೆ. ಕಾರಿನ ಸದ್ದಾದ ಕೂಡಲೇ "ಬಂದ್ವು ನೋಡಮ್ಮ ಮರಗಳು, ನೀರು ಹಾಕು" ಎನ್ನುವನು.

ಕ್ರಿಸಾಂತೊ ಬಂದದ್ದು ಬೇಸಿಗೆಯಲ್ಲಲ್ಲ. ಅಕ್ಟೋಬರ್ ಮುಗಿಯುತ್ತಿತ್ತು. ಎರಡು ದಿನದಿಂದ ಇಳಿದ ಮಂಜು ಮೇಲೆದ್ದಿರಲಿಲ್ಲ. ಬಾರ್‌ನ ಬಾಗಿಲು ತೆರೆದು ಮೆಟ್ಟಿಲು ಗುಡಿಸುತ್ತಿದ್ದ ಬೆನಿಲ್ದೆಗೆ ರಸ್ತೆಯ ಕೆಳಗಿನಿಂದ ಯಾರೋ ಏರಿ ಬರುವುದು ಕಂಡಿತು. ಮೊದಲು ಬರಿಯ ಕಪ್ಪು, ಆಮೇಲೆ ಒಂದು ನೀಲಿ ಕೋಟು, ಆಮೇಲೆ ಒಂದು ಮುಖ. ಗಿಡ್ಡನೆಯ, ಗಟ್ಟಿಮುಟ್ಟಾದ, ಕಂದು ಬಣ್ಣದ ಮನುಷ್ಯ. ತಲೆಗೂದಲ ಮೇಲೆಲ್ಲ ಮಂಜಿನ ಹನಿ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ತಾನು ಹಡಗಿನ ಅಡುಗೆಯವನೆಂದೂ, ಫಿಲಿಪ್ಪೀನ್ಸಿನವನೆಂದೂ, ಹಡಗು ರಿಪೇರಿಗೆಂದು ಹಿಹೋನ್ ಬಂದರಿನಲ್ಲಿ ನಿಂತಿದೆಯೆಂದೂ, ತನ್ನ ಹೆಸರು ಕ್ರಿಸಾಂತೊ ರೊಬ್ಲೆದೊ ಎಂದೂ ಅವನು ಬಂದರುಗಳಲ್ಲಿ ಕಲಿತ ತೊದಲು ಸ್ಪ್ಯಾನಿಷ್‌ನಲ್ಲಿ ಹೇಳಿಕೊಂಡ.

"ಅಮ್ಮಾವ್ರೇ, ಒಂದೇ ಒಂದು ಕೇಳ್ಬೇಕಿತ್ತು," ಎಂದ. "ಆ ಮರ ಯಾವ್ದು?"

ಬೆನಿಲ್ದೆ ಪೊರಕೆ ಹಿಡಿದು ಹಾಗೇ ನಿಂತಳು. ಬಂದವರೆಲ್ಲ ಚರ್ಚು ಯಾವುದು, ಮನೆ ಯಾವುದು, ವಂಶದ ಲಾಂಛನ ಯಾವುದು ಎಂದು ಕೇಳಿದ್ದರು. ಮರವನ್ನು ಯಾರೂ ಕೇಳಿರಲಿಲ್ಲ.

ಒಳಗೆ ಅಮಾದೊರ್ ಬೆಳಗಿನ ಕಾಫಿ ಕುಡಿಯುತ್ತಿದ್ದ. ಬಂದವನ ಹೆಸರು ಕೇಳಿ ಮುದುಕ ಬಟ್ಟಲು ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮಜ್ಜ ಈ ಕಡೆಯೋರಾ?" ಎಂದು ಕೇಳಿದ. ಅಲ್ಲ ಎಂದ ಕ್ರಿಸಾಂತೊ. ಅಜ್ಜನ ಅಜ್ಜ? ಅವರೂ ಅಲ್ಲ. ತನ್ನ ರಕ್ತದಲ್ಲಿ ಈ ನೆಲದ ಒಂದು ಹನಿಯೂ ಇಲ್ಲವೆಂದು ಅವನೇ ಸಮಾಧಾನವಾಗಿ ವಿವರಿಸಿದ. ಹಿಂದೆ ಸ್ಪೇನಿನ ಗವರ್ನರು ಆ ದ್ವೀಪಗಳನ್ನು ಆಳುತ್ತಿದ್ದಾಗ, ತೆರಿಗೆ ಎತ್ತಲು ಅನುಕೂಲವಾಗಲೆಂದು ಎಲ್ಲರಿಗೂ ಮನೆತನದ ಹೆಸರು ಹಂಚಬೇಕೆಂದು ಅಪ್ಪಣೆಯಾಯಿತು. ಹೆಸರುಗಳ ಹಾಳೆಗಳು ಊರೂರಿಗೆ ಹೋದವು. ತಮ್ಮ ಊರಿನ ಪಾಲಿಗೆ ಬಂದದ್ದು ಒಂದೇ ಅಕ್ಷರದಿಂದ ಶುರುವಾಗುವ ಹೆಸರುಗಳ ಹಾಳೆ. ಹಾಗಾಗಿ ಊರಿಗೆ ಊರೇ ರೊಬ್ಲೆದೊ, ರೊಂಕಾಲ್, ರೆಬಾನಾಲ್, ರಿಕಾಲ್ದೆ. ಪಕ್ಕದೂರಿನಲ್ಲಿ ಎಲ್ಲರದೂ ಬೇರೊಂದು ಅಕ್ಷರ.

"ಅಂದ್ರೆ ನಿಂದು ಬರೆ ಹಾಕಿದ ಹೆಸರು," ಎಂದ ಅಮಾದೊರ್. "ನನ್ನ ಮೇಕೆ ಕಿವಿಗೆ ನಾನು ಹಾಕ್ತೀನಲ್ಲ, ಹಂಗೆ."

"ಹೌದು ತಾತ," ಎಂದ ಕ್ರಿಸಾಂತೊ. "ಮೇಕೆಗೂ ಅದರ ಅರ್ಥ ಗೊತ್ತಿರಲ್ಲ. ನಮ್ಮಜ್ಜಿ ರೊಬ್ಲೆದೊ ಅಂದ್ರೆ ಒಂದು ಗಾಳಿ ಅಂತಿದ್ಳು. ನಮ್ಮಪ್ಪ ಯಾವ್ದೋ ಸಂತರ ಹೆಸರು ಅಂತಿದ್ದ. ಮರದ ಹೆಸರು ಅಂತ ನಂಗೆ ಬಂದರುಗಳಲ್ಲಿ ಗೊತ್ತಾಯ್ತು. ನಮ್ಮ ದ್ವೀಪದಲ್ಲಿ ಈ ಮರಾನೇ ಇಲ್ಲ."

ಮುದುಕ ಮತ್ತೆ ಕಾಫಿಯ ಬಟ್ಟಲು ಎತ್ತಿಕೊಂಡ. ಬೆನಿಲ್ದೆ ಹೆಗಲಿಗೆ ಶಾಲು ಎಳೆದುಕೊಂಡು, ಬಾರನ್ನು ಅವನ ಸುಪರ್ದಿಗೆ ಬಿಟ್ಟು, ಬಂದವನನ್ನು ತೋಪಿಗೆ ಕರೆದೊಯ್ದಳು.

ತೋಪಿನೊಳಗೆ ಮಂಜು ಹಾಲಿನಂತೆ ನಿಂತಿತ್ತು. ಮರಗಳ ಬುಡ ಮಾತ್ರ ಕಾಣುತ್ತಿತ್ತು; ಮೇಲಿನದೆಲ್ಲ ಬಿಳಿಯಲ್ಲಿ ಕರಗಿಹೋಗಿತ್ತು. ಬೂದು ಹಾವಸೆ ಕೊಂಬೆಗಳಿಂದ ಗಡ್ಡದ ಹಾಗೆ ಇಳಿಬಿದ್ದಿತ್ತು. ಕಂದಾದ ಎಲೆಗಳು ಉದುರದೆ ಅಲ್ಲೇ ಗಂಟಲು ಕೆರೆದಂತೆ ಸದ್ದು ಮಾಡುತ್ತಿದ್ದವು. ಈ ಎಲೆಗಳು ಚಳಿಗಾಲವಿಡೀ ಮರವನ್ನು ಬಿಡುವುದಿಲ್ಲ, ವಸಂತದಲ್ಲಿ ಹೊಸ ಚಿಗುರು ತಳ್ಳಿದಾಗಲೇ ಬೀಳುವುದು ಎಂದು ಬೆನಿಲ್ದೆ ಹೇಳಿದಳು. ಅವನು ಮರದಿಂದ ಮರಕ್ಕೆ ನಡೆದ. ಎಲ್ಲಕ್ಕಿಂತ ದಪ್ಪನೆಯ ಮರದ ಮುಂದೆ ನಿಂತು, ಅಡುಗೆಯವನು ಹಿಟ್ಟಿನ ಹದ ನೋಡುವ ಹಾಗೆ, ಬೆರಳಿನಿಂದ ತೊಗಟೆಯನ್ನು ಒತ್ತಿ ನೋಡಿದ. ಬಗ್ಗಿ ಒಂದು ಓಕ್ ಕಾಯಿ ಎತ್ತಿಕೊಂಡು ಹಲ್ಲಿನಿಂದ ಕಚ್ಚಿದ. ಕಹಿಗೆ ಮುಖ ಕಿವುಚಿದ. ಆಮೇಲೆ ನಕ್ಕ. ನಗುತ್ತಿದ್ದವನ ಕಣ್ಣು ತುಂಬಿಕೊಂಡಿದ್ದನ್ನು ಬೆನಿಲ್ದೆ ನೋಡಿಯೂ ನೋಡದವಳಂತೆ ಆಚೆ ತಿರುಗಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಮಂಜಿನಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಮ್ಮೆ ಅವಳಿಗೆ, ಸಮುದ್ರದ ಕಡೆ ನಡೆದುಹೋಗಿದ್ದ ಮರಗಳಲ್ಲಿ ಒಂದು ದಾರಿ ತಪ್ಪಿ ಹಿಂದಿರುಗಿ ಬಂದು ತನ್ನ ಪಕ್ಕದಲ್ಲಿ ಉಸಿರಾಡುತ್ತಿದೆ ಎನ್ನಿಸಿತು.

ಆ ಮಂಜಿನಲ್ಲಿ ಬಸ್ಸು ಬೆಟ್ಟ ಹತ್ತಲಿಲ್ಲ. ಬಾರ್‌ನ ಮಹಡಿಯ ಕೋಣೆಯನ್ನು ಬೆನಿಲ್ದೆ ಅವನಿಗೆ ಬಿಟ್ಟುಕೊಟ್ಟಳು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಅವನು ಮರುದಿನ ತಾನೇ ಅಡುಗೆ ಮಾಡುತ್ತೇನೆಂದ. ಮಾಂಸದ ಅದೊಬೊ ಮಾಡುತ್ತೇನೆ ಎಂದಾಗ ಬೆನಿಲ್ದೆಗೆ ಹಿಗ್ಗಾಯಿತು, ಅದು ತಮ್ಮದೇ ಅಡುಗೆಯಲ್ಲವೇ ಎಂದು ಕೆಂಪು ಮೆಣಸಿನ ಪುಡಿಯ ಡಬ್ಬಿ ಮುಂದಿಟ್ಟಳು. ಅವನು ಅದನ್ನು ಪಕ್ಕಕ್ಕೆ ಸರಿಸಿ, ಹಂದಿಮಾಂಸಕ್ಕೆ ವಿನೆಗರ್ ಸುರಿದು, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಯಿಸಿದ. ಅಮಾದೊರ್ ತಿಂದು ನೋಡಿ, ಇದು ಅದೊಬೊ ಅಲ್ಲವೇ ಅಲ್ಲ, ಯಾರೋ ಇದಕ್ಕೂ ಸುಳ್ಳು ಹೆಸರು ಕೊಟ್ಟಿದ್ದಾರೆ ಎಂದು ಗೊಣಗಿದ. ಗೊಣಗುತ್ತಲೇ ತಟ್ಟೆಯನ್ನು ಎರಡನೇ ಸಲ ಮುಂದೆ ಒಡ್ಡಿದ.

ಭಾನುವಾರ ಊರ ಗಂಟೆ ಹೊಡೆಯಿತು. ಎಲೆ ಬಿದ್ದು ಕಟ್ಟಿಕೊಂಡಿದ್ದ ನೀರಿನ ಕಾಲುವೆಯನ್ನು ಮನೆಗೊಬ್ಬರಂತೆ ಹೋಗಿ ತೋಡಬೇಕಿತ್ತು. ಯಾರೂ ಕರೆಯದಿದ್ದರೂ ಕ್ರಿಸಾಂತೊ ಸನಿಕೆ ಹಿಡಿದು ಹೊರಟ. ಸೊಂಟದವರೆಗೆ ನೆನೆದು ಬಂದವನಿಗೆ ಅಮಾದೊರ್ ತನ್ನ ಒಣ ಕಾಲುಚೀಲ ಕೊಟ್ಟ.

ಮಂಜು ಕರಗಿತು. ಬಸ್ಸು ಬಂತು. ಅವನು ಹೋದ.

ಹೋದವನು ಮರಳಿ ಬಂದ. ಹಡಗು ಹಿಹೋನ್ ಬಂದರು ಮುಟ್ಟಿದಾಗಲೆಲ್ಲ ಒಂದು ದಿನಕ್ಕೋ ಎರಡು ದಿನಕ್ಕೋ ಬೆಟ್ಟ ಹತ್ತಿ ಬರುತ್ತಿದ್ದ. ಬೆನಿಲ್ದೆ ಮೊದಮೊದಲು ಅವನಿಗಾಗಿ ಕಾಯುತ್ತಿಲ್ಲವೆಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಹಾಗೆ ಹೇಳಿಕೊಳ್ಳುವುದನ್ನು ಬಿಟ್ಟಳು. ಒಂದು ವಸಂತದಲ್ಲಿ ಅವನು ಹಡಗಿನ ಕೆಲಸ ಬಿಟ್ಟು ತನ್ನ ಚೀಲ, ಚೂರಿಗಳ ಸಮೇತ ಬಂದಿಳಿದ. ಇಬ್ಬರೂ ಮದುವೆಯಾದರು. ನಲವತ್ತರ ಹೊಸ್ತಿಲಲ್ಲಿ ಬೆನಿಲ್ದೆಗೆ ಹೆಣ್ಣು ಮಗು ಹುಟ್ಟಿತು. ಕ್ರಿಸಾಂತೊನ ತೀರಿಹೋದ ತಾಯಿಯ ನೆನಪಿಗೆ ಲಿಗಾಯಾ ಎಂದು ಹೆಸರಿಡುವುದಕ್ಕೆ ಯಾರ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಮನೆತನದ ಹೆಸರಿಗೆ. ಹುಟ್ಟಿದ ಮಗುವಿಗೆ ಅಪ್ಪನದೊಂದು, ಅಮ್ಮನದೊಂದು, ಎರಡು ಹೆಸರು ಇರುವುದು ವಾಡಿಕೆ; ಯಾವುದು ಮೊದಲು ಎನ್ನುವುದನ್ನು ಈಗ ತಂದೆತಾಯಿಯೇ ಆರಿಸಬಹುದು. ಮೊದಲನೆಯದು ಉಳಿಯುತ್ತದೆ, ಎರಡನೆಯದು ಮೊಮ್ಮಕ್ಕಳ ಹೊತ್ತಿಗೆ ಅಳಿಸಿಹೋಗುತ್ತದೆ. ಬೆನಿಲ್ದೆಯ ಫೆರ್ನಾಂದೆಸ್ ಮೊದಲಿರಲಿ ಎಂದು ಕ್ರಿಸಾಂತೊ ಹಟ ಹಿಡಿದ. ಬರೆಯನ್ನು ಮಗುವಿನ ಮೈಮೇಲೂ ಯಾಕೆ ಎಳೆಯಬೇಕು ಎಂಬುದು ಅವನ ವಾದ. ಬೆನಿಲ್ದೆಗೆ ರೊಬ್ಲೆದೊ ಬೇಕಿತ್ತು. ಫೆರ್ನಾಂದೆಸ್ ಅಂತ ಕೂಗಿದರೆ ಅರ್ಧ ಸೀಮೆ ತಿರುಗಿ ನೋಡುತ್ತದೆ ಎಂದಳು. ಆದರೆ ಅಮಾದೊರ್ ಮಾಮ ಒಂದು ಸಂಜೆ ತೊಟ್ಟಿಲ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಅವಳಿಗೊಂದು ಮಾತು ಹೇಳಿದ.

"ಮಗಳೇ, ನೀನು ಓದಿದೋಳು, ನಗ್ಬೇಡ. ಇಲ್ಲಿ ಹುಟ್ಟಿ ಈ ಹೆಸರು ಹೊತ್ತೋರು ಯಾರೂ ಇಲ್ಲಿ ನಿಂತಿಲ್ಲ. ಹೆಸರಿಟ್ಟು ಮಗೂನ ನೀನೇ ದಾರಿಗೆ ಹಚ್ಚಿದ ಹಂಗಾಗುತ್ತೆ."

ಅವಳು ನಗಲಿಲ್ಲ. ಆ ರಾತ್ರಿಯ ಕನಸಿನಲ್ಲಿ ಮರಗಳು ಬೆಟ್ಟ ಇಳಿದವು. ಸಾಲಿನ ಕೊನೆಯಲ್ಲಿ ಒಂದು ಸಸಿ, ಎರಡೇ ಎಲೆಯದು, ತಡವರಿಸುತ್ತ ಹೋಗುತ್ತಿತ್ತು.

ಮಾರನೆಯ ದಿನ ಇಬ್ಬರೂ ಮಗುವನ್ನೆತ್ತಿಕೊಂಡು ತಾಲ್ಲೂಕು ಪಟ್ಟಣದ ನೋಂದಣಿ ಕಚೇರಿಗೆ ಹೋದರು. ಮೊದಲನೆಯ ಹೆಸರು ಯಾವುದು ಎಂದು ಗುಮಾಸ್ತೆ ಕೇಳಿದಳು. ಬೆನಿಲ್ದೆ "ಫೆರ್ನಾಂದೆಸ್" ಎಂದಳು. ಅದೇ ಉಸಿರಿಗೆ ಕ್ರಿಸಾಂತೊ "ರೊಬ್ಲೆದೊ" ಎಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗುಮಾಸ್ತೆ ಕನ್ನಡಕ ತೆಗೆದು, ಹೊರಗೆ ಚೌಕದಲ್ಲಿ ಬೆಂಚಿದೆ, ಮಾತಾಡಿಕೊಂಡು ಬನ್ನಿ ಎಂದಳು.

ಇಬ್ಬರೂ ಹೋಗಿ ಬೆಂಚಿನ ಮೇಲೆ ಕೂತರು. ಬೆನಿಲ್ದೆ ತನ್ನ ಕನಸು ಹೇಳಿದಳು. ಕ್ರಿಸಾಂತೊ ಮಗುವಿನ ಟೋಪಿ ಸರಿಮಾಡುತ್ತ, ಇಷ್ಟು ವರ್ಷ ಅವಳಿಗೆ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದ.

"ನಾನು ಮೊದಲ್ನೇ ಸಲ ಬಂದೆನಲ್ಲ, ಅದಕ್ಕೆ ಎರಡು ವರ್ಷ ಮುಂಚೆ ನಮ್ಮ ಕಡೆ ಚಂಡಮಾರುತ ಬಂತು. ನಾನು ನಡುಸಮುದ್ರದಲ್ಲಿದ್ದೆ. ರೇಡಿಯೋದಲ್ಲಿ ಸತ್ತೋರ ಹೆಸರು ಓದ್ತಿದ್ರು. ಬೆಟ್ಟದ ಮಣ್ಣು ಇಳಿದು ನಮ್ಮೂರು ಮುಚ್ಚಿಹೋಗಿತ್ತು. ರೊಬ್ಲೆದೊ, ರೊಬ್ಲೆದೊ, ರೊಬ್ಲೆದೊ. ಓದ್ತಾನೇ ಇದ್ರು. ಗರಗರ ಸದ್ದಿನಲ್ಲಿ ಅದರ ಮುಂದಿನ ಅವರವರ ಹೆಸರು ಕೇಳಿಸ್ತಿರಲಿಲ್ಲ. ಯಾರು ನಮ್ಮಮ್ಮ, ಯಾರು ನೆಂಟರೇ ಅಲ್ಲದೋರು, ಗೊತ್ತಾಗ್ಲಿಲ್ಲ. ಅದಕ್ಕೇ ಎಲ್ರಿಗೋಸ್ಕರಾನೂ ಅತ್ತುಬಿಟ್ಟೆ, ಬೆನಿಲ್ದೆ. ಒಬ್ಬೊಬ್ಬರಿಗೂ."

ಬೆನಿಲ್ದೆ ಅವನ ತೋಳು ಹಿಡಿದುಕೊಂಡಳು.

"ಅವರು ಕೊಟ್ಟಾಗ ಅದು ಬರೆನೇ," ಎಂದ ಅವನು. "ಆವತ್ತು ನಂದಾಯ್ತು. ಮರ ನೋಡ್ಬೇಕು ಅನ್ನಿಸಿದ್ದು ಅದಕ್ಕೇ. ಈಗ ಗುಮಾಸ್ತೆ ಕೇಳಿದಾಗ ನನ್ನ ಬಾಯಿಂದ ಬಂದಿದ್ದೂ ಅದೇ. ನಾನೇನು ಮಾಡ್ಲಿ?"

"ಅವಳು ಊರು ಬಿಟ್ಟು ಹೋದ್ರೆ?"

"ಹೋದ್ರೆ ಹೋಗ್ಲಿ. ಎಲ್ಲಿಂದ ಹೋದ್ಳು ಅಂತಾದ್ರೂ ಗೊತ್ತಿರುತ್ತೆ. ನಮ್ಮಜ್ಜಿಗೆ ಅದೂ ಗೊತ್ತಿರಲಿಲ್ಲ."

ಬೆನಿಲ್ದೆ ಎದ್ದು, ಮಗುವನ್ನು ಅವನ ಕೈಗಿತ್ತು, ಒಬ್ಬಳೇ ಒಳಗೆ ಹೋದಳು. ಕಿಟಕಿಯ ಮುಂದೆ ನಿಂತು ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: ಲಿಗಾಯಾ ರೊಬ್ಲೆದೊ ಫೆರ್ನಾಂದೆಸ್. ಹುಟ್ಟಿದ ಸ್ಥಳ? ರೊಬ್ಲೆದೊ ಎಂದಳು. ಹೆಸರಲ್ಲಮ್ಮ, ಸ್ಥಳ ಎಂದಳು ಗುಮಾಸ್ತೆ. ಅದೂ ಅದೇ ಎಂದಳು ಬೆನಿಲ್ದೆ.

ಸುದ್ದಿ ಕೇಳಿ ಅಮಾದೊರ್ ಮಾಮ ಒಂದು ವಾರ ಬಾರ್ ಕಡೆ ಸುಳಿಯಲಿಲ್ಲ. ಎಂಟನೆಯ ದಿನ ಮೇಕೆಯ ಹಾಲಿನ ಗಿಣ್ಣಿನ ಗಡ್ಡೆಯೊಂದನ್ನು ಕೌಂಟರಿನ ಮೇಲಿಟ್ಟು, ಇದು ತಾಯಿಗೆ, ಬಾಣಂತಿ ತಿನ್ನಲಿ ಎಂದ. ಹುಡುಗಿಯ ಹೆಸರನ್ನು ಹೇಳಲು ಎರಡು ಸಲ ಎಡವಿ, ಮೂರನೆಯ ಸಲ ಸರಿಯಾಗಿ ಹೇಳಿದ.

ಆದರೆ ಬೆನಿಲ್ದೆಗೆ ಮುಂದೆಯೂ ನೆನಪಿನಲ್ಲಿ ಉಳಿದದ್ದು ಕಚೇರಿಯಿಂದ ಹಿಂದಿರುಗಿದ ಬಸ್ಸಿನ ದಾರಿ. ಮಧ್ಯಾಹ್ನದ ಬಿಸಿಲು ಸೀಟುಗಳ ಮೇಲೆ ಬಿದ್ದಿತ್ತು. ಅವಳಿಗೆ ಜೊಂಪು ಹತ್ತುತ್ತಿತ್ತು. ಕ್ರಿಸಾಂತೊ ಮಗುವನ್ನು ಎದೆಗೊರಗಿಸಿಕೊಂಡು ತನ್ನ ಭಾಷೆಯಲ್ಲಿ ಜೋಗುಳ ಹಾಡುತ್ತಿದ್ದ. ಅವಳಿಗೆ ಒಂದು ಪದವೂ ಅರ್ಥವಾಗದ ಭಾಷೆ. ಬರಿಯ ನೀರು ಹರಿದಂತೆ. ಆ ನೀರಿನ ನಡುವೆ ಎಲ್ಲಿಂದಲೋ ಒಂದು ಪದ ಮೇಲೆದ್ದು ಬಂತು: ಬಿಂತಾನಾ. ಅವಳು ಕಣ್ಣು ತೆರೆದಳು. ಅದು ತಮ್ಮ ಸ್ಪ್ಯಾನಿಷ್ ಪದವೇ, ಸ್ವಲ್ಪ ಸವೆದಿತ್ತು, ಅಷ್ಟೇ. ಕಿಟಕಿ. ಹಾಡಿನಲ್ಲಿ ಯಾರೋ ಕಿಟಕಿ ತೆರೆಯುತ್ತಿದ್ದರೋ ಮುಚ್ಚುತ್ತಿದ್ದರೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಕೈ ಚಾಚಿ ಬಸ್ಸಿನ ಗಾಜನ್ನು ಒಂದಿಷ್ಟು ಸರಿಸಿದಳು. ಗಾಳಿ ಒಳಗೆ ಬಂತು. ಮಗು ನಿದ್ದೆಯಲ್ಲೇ ತುಟಿ ಚಪ್ಪರಿಸಿತು.